ಎಡಗೈಯ ರಾಜಕುಮಾರ

ಅಜ್ಜಿಯ ಬಲಗಿವಿಯ ಹಾಲೆ ಸೀಳಿ ಎರಡಾಗಿತ್ತು. ಸೀಳಿದ ತುದಿಗಳು ಒಣಮೆಣಸಿನಕಾಯಿಯ ಸಿಪ್ಪೆಯಂತೆ ಮುದುಡಿಕೊಂಡು, ಆಕೆ ನಕ್ಕಾಗ ಬೇರೆ ಬೇರೆಯಾಗಿ ಅಲುಗುತ್ತಿದ್ದವು. ಮೊದಲ ಭೇಟಿಯಲ್ಲಿ ಅದರ ಬಗ್ಗೆ ಕೇಳಲು ನನಗೆ ಸಂಕೋಚವಾಯಿತು. ನಾನು ಬಂದದ್ದೂ ಬೇರೆ ವಿಷಯಕ್ಕೆ.

ಕಲ್ಪೆಟ್ಟದ ಹೊರವಲಯದಲ್ಲಿ, ಈಗ ಟೈಲ್ಸ್ ಗೋದಾಮಿರುವಲ್ಲಿ, ಮೂಕಿಚಿತ್ರಗಳ ಕಾಲಕ್ಕೆ ತೆಂಗಿನ ಗರಿಯ ಮಾಡಿನ ಒಂದು ಚಿತ್ರಮಂದಿರವಿತ್ತು. ಅಲ್ಲಿನವರ ಬಾಯಲ್ಲಿ ಅದು ‘ಕೊಟ್ಟಕ’. ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ ಕನ್ನಡದ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು. ಅವರ ಮೊಮ್ಮಗ ಅದರ ಸ್ಮರಣಸಂಪುಟಕ್ಕೆಂದು ಸಮಿತಿ ರಚಿಸಿ, ತಾವೇ ಅಧ್ಯಕ್ಷರಾಗಿ, ಆಗಷ್ಟೇ ನಿವೃತ್ತನಾಗಿದ್ದ ನನಗೆ ಇತಿಹಾಸದ ಭಾಗವನ್ನು ಒಪ್ಪಿಸಿದ್ದರು. ಕೊಟ್ಟಕ ಆರಂಭವಾದ ವರ್ಷವನ್ನು ಇಲ್ಲಿ ಬರೆಯಲಾರೆ: ಕುಟುಂಬದವರು ಹೇಳುವ ವರ್ಷಕ್ಕೂ ಜಾಗದ ಪತ್ರದ ವರ್ಷಕ್ಕೂ ಹೊಂದಿಕೆಯಿಲ್ಲ, ಮೂರನೆಯ ಆಧಾರ ಇಂದಿಗೂ ಸಿಕ್ಕಿಲ್ಲ.

ಅಜ್ಜಿ ಮುತ್ತಂಗದ ಕಾಡಿನಲ್ಲಿ, ಬುಡಕಟ್ಟಿನವರ ಹಾಡಿಯೊಂದರಲ್ಲಿ ಹುಟ್ಟಿ, ಹೆತ್ತವರೊಂದಿಗೆ ಕಾಫಿ ತೋಟದ ಕೂಲಿಗೆ ಬಂದವಳು. ಕೊಟ್ಟಕದಲ್ಲಿ ಚಿತ್ರ ನೋಡಿ ಇನ್ನೂ ಬದುಕಿದ್ದ ಕೆಲವೇ ಮಂದಿಯಲ್ಲಿ ಒಬ್ಬಳು. ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತ ಆಕೆ ಹೇಳಿದ ಚಿತ್ರದಲ್ಲಿ ರಾಜಕುಮಾರ ಎಡಗೈಯಲ್ಲಿ ಕತ್ತಿ ಹಿರಿಯುತ್ತಿದ್ದ.

“ಬಲಗೈ ಅಲ್ಲವೇ ಅಜ್ಜಿ?”

“ಎಡಗೈಯೇ ಸಾರೇ. ಉಣ್ಣೋದೂ ಎಡಗೈಲೇ. ರಾಜ್ರ ಮನೆ ಕೂಸು, ಯಾರು ಕೇಳಾರು?”

ಸಮಿತಿಯ ಬಳಿ ಅದೇ ಚಿತ್ರದ ಒಂದು ಛಾಯಾಚಿತ್ರವಿತ್ತು. ಅದರಲ್ಲಿ ಕತ್ತಿ ಬಲಗೈಯಲ್ಲಿತ್ತು. ಅಧ್ಯಕ್ಷರು ನಕ್ಕರು. “ಬಿಡಿ ಮಾಷ್ಟ್ರೇ, ಮುದುಕಿಗೆ ಅರಳುಮರಳು. ಎಡ ಯಾವುದು ಬಲ ಯಾವುದು ಗೊತ್ತಿಲ್ಲದವಳ ಮಾತು ಪುಸ್ತಕಕ್ಕೆ ಹಾಕ್ತೀರಾ?”

ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಾಳೆ ನೋಡದೆ ನಂಬುವುದೂ ತಳ್ಳಿಹಾಕುವುದೂ ನನ್ನ ಅಭ್ಯಾಸವಲ್ಲ. ಪುಲ್ಪಳ್ಳಿಯ ಬಳಿ, ಅಜ್ಜಿಯನ್ನು ಎಂದೂ ಕಾಣದ ಇನ್ನೊಂದು ಹಾಡಿಯ ಮುದುಕನನ್ನು ವಿಚಾರಿಸಿದೆ. ಎಡಗೈ ಎಂದ. ತೋಟದಲ್ಲಿ ಗುಮಾಸ್ತರಾಗಿದ್ದ ವೃದ್ಧರನ್ನು ವಿಚಾರಿಸಿದೆ. ಬಲಗೈ ಎಂದರು. ಅಜ್ಜಿಯ ಬಳಿಗೆ ಮರಳಿ, ನೀವು ಕೂರುತ್ತಿದ್ದುದೆಲ್ಲಿ ಎಂದು ಕೇಳಿದೆ.

“ಎಲ್ಲಿ ಅಂದ್ರೆ? ಪರದೆ ಹಿಂದ್ಗಡೆ, ಮಣ್ಣಲ್ಲಿ. ನಮ್ ಹಾಡಿಯೋರು ಎಲ್ಲಾ ಅಲ್ಲೇಯ. ಆಟಕ್ಕೆ ಮುಂಚೆ ಬಟ್ಟೆಗೆ ನೀರು ಎರಚೋರು, ಬೆಳಕು ಈ ಕಡೀಕೂ ಬರ್ಲಿ ಅಂತ.”

“ಪರದೆ ಮೇಲಿನ ಅಕ್ಷರವೆಲ್ಲ ತಿರುಗಾಮುರುಗಾ ಕಾಣ್ತಿತ್ತಲ್ಲ?”

“ನೆಟ್ಗಿದ್ದಿದ್ರೆ ಓದ್ಬುಡ್ತಿದ್ದೋ ನಾವು?”

ನಗು ನಿಂತ ಮೇಲೆ ಕಿವಿಯ ಮಾತು ತಾನಾಗಿ ಬಂತು. ಮುಂದೆ ಕೂತವರಿಗೆ ಚಿತ್ರ ಬೇರೆ ಥರ ಕಾಣುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ, ಚಿಕ್ಕ ಹುಡುಗಿಯಾಗಿದ್ದ ಆಕೆ ಒಮ್ಮೆ ಪರದೆಯ ಪಕ್ಕದಿಂದ ನುಸುಳಿ ಮುಂಭಾಗಕ್ಕೆ ಹೋದಳು. ಬಾಗಿಲು ಕಾಯುವವನು ಕಿವಿಯ ಕಡಕು ಹಿಡಿದು ಎಳೆದ. ಕಡಕು ಅವನ ಕೈಯಲ್ಲೇ ಉಳಿಯಿತು.

“ಹಿಂದೆ ಕೂತಿದ್ದೋ ಅಂತ ಒಂದು ಮಾತು ಬರಿ ಸಾರೇ,” ಅಂದಳು. “ಇಲ್ದಿದ್ರೆ ನನ್ ಮೊಮ್ಮಕ್ಳು, ಅಜ್ಜಿ ಕುರ್ಚಿ ಮ್ಯಾಲೆ ಕೂತು ನೋಡಿದ್ಲು ಅಂದ್ಕತಾವೆ.”

ಆಕೆಯ ತಪ್ಪೇ ಸಾಕ್ಷ್ಯವಾಗಿತ್ತು. ಪರದೆಯ ಹಿಂದಿನಿಂದ ಬಲಗೈ ಎಡಗೈಯಾಗಿ ಕಾಣುತ್ತದೆ; ಹಾಗೆ ನೋಡಿದವರ ಹೊರತು ಬೇರಾರೂ ಆ ತಪ್ಪು ಮಾಡಲಾರರು. ಅಷ್ಟನ್ನೂ ವಿವರಿಸಿ ಅಧ್ಯಾಯ ಬರೆದುಕೊಟ್ಟೆ. ಅಚ್ಚಾಗಿ ಬಂದಾಗ ಆ ಪುಟಗಳಿರಲಿಲ್ಲ. ಜಾತಿಮತದ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದರೆಂಬ ವಾಕ್ಯವಿತ್ತು, ನನ್ನ ಹೆಸರಿನ ಕೆಳಗೆ. ಪ್ರಶ್ನಿಸಿದ್ದಕ್ಕೆ ಅಧ್ಯಕ್ಷರು, “ಸಂತೋಷದ ಪುಸ್ತಕದಲ್ಲಿ ಕಿವಿ ಮೂಗು ಯಾಕೆ ಮಾಷ್ಟ್ರೇ? ಎಲ್ಲರೂ ನೋಡಿದ್ದು ಒಂದೇ ಪರದೆ ತಾನೇ?” ಎಂದರು. ಮರುಮುದ್ರಣದಲ್ಲಿ ತಿದ್ದುವುದಾಗಿ ಮಾತು ಕೊಟ್ಟರು. ಮರುಮುದ್ರಣ ಆಗಲೇ ಇಲ್ಲ.

ಬಿಡುಗಡೆಯ ದಿನ ಅಜ್ಜಿಯನ್ನು ಕಾರಿನಲ್ಲಿ ಕರೆತಂದು, ಮೊದಲ ಸಾಲಿನಲ್ಲಿ ಕೂರಿಸಿ, ಶಾಲು ಹೊದಿಸಿ, ಪುಸ್ತಕ ಕೊಟ್ಟರು. ಆಕೆ ಅದನ್ನು ನನ್ನತ್ತ ಚಾಚಿದಳು. “ಎಲ್ಲದೆ? ಬೆರಳಿಟ್ಟು ತೋರ್ಸು.”

“ಇಲ್ಲ ಅಜ್ಜಿ. ತೆಗೆದುಬಿಟ್ಟಿದ್ದಾರೆ.”

ಶಾಲನ್ನು ನೀಟಾಗಿ ಮಡಿಸಿ ಕುರ್ಚಿಯ ಮೇಲಿಟ್ಟು, ಮಗಳ ಕೈ ಹಿಡಿದು ಹೊರಟುಹೋದಳು.

ಅಂದಿನಿಂದ ಯಾವ ಹೇಳಿಕೆಯನ್ನಾದರೂ ತಪ್ಪೆಂದು ಬದಿಗಿಡುವ ಮುನ್ನ, ಹೇಳಿದವರು ಎಲ್ಲಿದ್ದು ನೋಡಿದರೆಂದು ವಿಚಾರಿಸುತ್ತೇನೆ. ಅದನ್ನು ಕಲಿಸಿದವಳ ಹೆಸರಿನಲ್ಲಿ ಒಂದು ಅಡಿಟಿಪ್ಪಣಿಯೂ ಎಲ್ಲಿಯೂ ಇಲ್ಲ.

ಮುಂದಿನ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ಸಮಿತಿಯ ಜೀಪಿನಲ್ಲಿ ದೊಡ್ಡದೊಂದು ಹೂವಿನ ಚಕ್ರ ಬಂದಿತ್ತು. ಅದರ ಪಟ್ಟಿಯನ್ನು ಮಗಳು ನನಗೆ ತೋರಿಸಿದಳು.

“ಏನ್ ಬರ್ದದೆ ಸಾರೇ?”

“ನಮ್ಮ ಕೊಟ್ಟಕದ ಹಿರಿಯ ಪ್ರೇಕ್ಷಕಿಗೆ,” ಎಂದು ಓದಿದೆ.

“ಹಿಂದೆ ಕೂತಿದ್ಲು ಅಂತ?”

“ಅದಿಲ್ಲ.”

ಮಗಳು ಚಕ್ರವನ್ನು ಎತ್ತಿಕೊಂಡು ಹೋಗಿ ಜೀಪಿನ ಸೀಟಿನ ಮೇಲಿಟ್ಟಳು. “ಅಣ್ಣಾ, ನಿಮ್ಗೆ ಮನೆ ತಪ್ಪಿದೆ,” ಎಂದಳು ಡ್ರೈವರನಿಗೆ. “ಇದು ಬೇರೆ ಯಾರ್ದೋ ಸಾವಿಗೆ ಬಂದದ್ದು.”