ಬಾಳವ್ವನನ್ನು ಒಮ್ಮೆ ಮಾತ್ರ ಕೇಳಿದೆ

ಬಾಳವ್ವ, ನಿಮ್ಮ ಓಣಿಗೆ ನೀರು ಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾಗದದ ಮೇಲೆ ‘ಏನೂ ಬೇಡ’ ಎಂದು ಬರೆದೆ. ಒಂದಲ್ಲ, ಒಂಬತ್ತು ಕಾಗದ. ಬರೆದ ಕೈ ಇದೇ. ಆಮೇಲೆ ನೀನು ಕೇಳಿದಾಗ ಸುಳ್ಳು ಹೇಳಿದೆ — ಹೇಳಿದ ಬಾಯಿಯೂ ಇದೇ.

ನೀನು ಈಗ ಇಲ್ಲ. ಇದ್ದಾಗ ಹೇಳಬೇಕಾಗಿತ್ತು, ಹೇಳಲಿಲ್ಲ. ನನಗೆ ಬರೆಯಲು ಬರುವುದೂ ಅಷ್ಟಕ್ಕಷ್ಟೇ. ಸಾಲಿಯಲ್ಲಿ ಕಲಿತದ್ದು ಮರಾಠಿ ಮೂರನೆಯ ಇಯತ್ತೆ, ಕನ್ನಡದ ಅಕ್ಷರ ಅಪ್ಪ ಮನೆಯಲ್ಲಿ ತಿದ್ದಿಸಿದ್ದು. ಕಾಗುಣಿತ ಮೊಮ್ಮಗಳು ಸರಿಮಾಡಿದ್ದಾಳೆ, ಮಾತು ನನ್ನದು. ಚಂದ ಮಾಡಬೇಡ ಎಂದು ಆಕೆಗೆ ಹೇಳಿಟ್ಟಿದ್ದೇನೆ.

ಆಗ ನಾನು ಇಚಲಕರಂಜಿಗೆ ಮದುವೆಯಾಗಿ ಬಂದು ನಾಲ್ಕೈದು ವರ್ಷವಾಗಿತ್ತು. ಗಂಡ ಮಗ್ಗದ ಕಾರ್ಖಾನೆಗೆ ಹೋಗುತ್ತಿದ್ದ, ನಾನು ಮನೆಯಲ್ಲಿ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಓಣಿಯ ತುಂಬ ಮಗ್ಗದ ಸದ್ದು. ಕರೆಂಟು ಹೋಗಿ ಸದ್ದು ನಿಂತರೆ ಮಲಗಿದ ಕೂಸುಗಳು ಎದ್ದು ಅಳುತ್ತಿದ್ದವು. ಈಗಿನ ಮನೆಯಲ್ಲಿ ಆ ಸದ್ದಿಲ್ಲ. ನನಗೆ ಇನ್ನೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ.

ಆ ದಿನಗಳಲ್ಲಿ ಪುಣೆಯ ಕಡೆಯ ಒಬ್ಬರು ಬಾಯಿ ಬಂದರು — ಓದಿದ ಹೆಂಗಸರನ್ನು ನಮ್ಮ ಕಡೆ ಬಾಯಿ ಎನ್ನುತ್ತಾರೆ. ಪ್ರಮೀಳಾಬಾಯಿ ಎಂದು ಹೆಸರು. ಬಿಳಿ ಸೀರೆ, ಎಡಗೈಗೆ ಗಡಿಯಾರ, ಬಗಲಲ್ಲಿ ಕಾಗದದ ಕಟ್ಟು. ದೇಶಕ್ಕೆ ಸ್ವಾತಂತ್ರ್ಯ ಬಂದಾಗಿದೆ, ಇನ್ನು ಮೊದಲು ಏನು ಕಟ್ಟಬೇಕು — ರಸ್ತೆಯೋ, ಸಾಲಿಯೋ, ದವಾಖಾನೆಯೋ, ನೀರೋ, ಕಾರ್ಖಾನೆಯೋ — ಇದನ್ನು ಜನರನ್ನೇ ಕೇಳಿ ಬರೆದುಕೊಳ್ಳುವುದು ಅವರ ಕೆಲಸ. ಇನ್ನೊಂದು ಪ್ರಶ್ನೆಯೂ ಇತ್ತು. ಬೇರೆ ದೇಶದವರು ಗೋಧಿ, ಹಾಲಿನ ಪುಡಿ, ಯಂತ್ರ ಕೊಡುತ್ತೇವೆ ಎನ್ನುತ್ತಾರೆ, ತೆಗೆದುಕೊಳ್ಳಬೇಕೋ ಬೇಡವೋ? ಹೆಂಗಸರನ್ನೂ ಕೇಳಲೇಬೇಕು ಎಂದು ಆ ಬಾಯಿಯ ಹಟ. ಅವರಿಗೆ ಕನ್ನಡ ಬಾರದು. ನಮ್ಮ ಕಡೆಯ ಹೆಂಗಸರು ಮರಾಠಿಯಲ್ಲಿ ಸಂತೆ ಮಾಡುತ್ತಾರೆ, ಹೊಟ್ಟೆಯೊಳಗಿನ ಮಾತು ಕನ್ನಡದಲ್ಲೇ ಬರುತ್ತದೆ. ಎರಡೂ ಭಾಷೆ ಬರುವ, ನಾಲ್ಕು ಅಕ್ಷರ ಗೀಚುವ ಹೆಂಗಸು ಬೇಕಾಗಿತ್ತು. ಓಣಿಯವರು ನನ್ನ ಬಾಗಿಲು ತೋರಿಸಿದರು.

ಎರಡು ದಿನ ಕೊಲ್ಹಾಪುರದಲ್ಲಿ ಕೂಡಿಸಿ ಕಲಿಸಿದರು. ಮೊದಲ ಸಲ ಕುರ್ಚಿಯ ಮೇಲೆ ಕುಳಿತೆ. ಹೊಸ ಚಪ್ಪಲಿ ಹಾಕಿದ್ದೆ, ನಡೆದಲ್ಲೆಲ್ಲ ಕರ್ ಕರ್ ಎನ್ನುತ್ತಿತ್ತು, ನನಗೆ ಅದೇ ಒಂದು ಸೊಕ್ಕು. ಸಂಜೆ ರಂಕಾಳ ಕೆರೆಯ ದಂಡೆಯಲ್ಲಿ ಕುಳಿತು ಬಾಯಿಯೂ ನಾನೂ ಒಂದೇ ಕಾಗದದಲ್ಲಿ ಚುರುಮುರಿ ತಿಂದೆವು. ಅಷ್ಟು ಓದಿದವರು ನನ್ನ ಜೊತೆ ಒಂದೇ ಪೊಟ್ಟಣಕ್ಕೆ ಕೈ ಹಾಕಿದರು — ಅದನ್ನು ನಾನು ಊರ ತುಂಬ ಹೇಳಿಕೊಂಡು ತಿರುಗಿದೆ. ಹೇಳಿಕೊಂಡೆ, ಆದರೆ ಕಲಿಯಲಿಲ್ಲ.

ಬಾಯಿ ಒಂದೇ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: “ತೀ ಬಾಯಿ ಜೇ ಸಾಂಗೇಲ, ತೇಚ ಲಿಹಾಯಚಂ.” ಆ ಹೆಂಗಸು ಏನು ಹೇಳುತ್ತಾಳೋ ಅದನ್ನೇ ಬರೆಯಬೇಕು, ನಿನ್ನದನ್ನು ಸೇರಿಸಬಾರದು.

ಮೊದಲ ಮನೆ ನಮ್ಮ ಓಣಿಯ ಮೂಲೆಮನೆ. ಅಲ್ಲೊಬ್ಬ ಮುದುಕಿ ಇದ್ದಳು, ಹಲ್ಲಿಲ್ಲದಿದ್ದರೂ ನಾಲಿಗೆ ಗಟ್ಟಿ. ದೇಶಕ್ಕೆ, ನಿಮ್ಮ ಓಣಿಗೆ ಮೊದಲು ಏನು ಬೇಕು ಎಂದು ಕೇಳಿದೆ.

“ನಮಗ ಏನ್ ಕಡಿಮಿ ಆಗೇತಿ? ದೇವರ ಕೊಟ್ಟಿದ್ದ ಬೇಕಾದಷ್ಟ ಐತಿ. ಏನೂ ಬ್ಯಾಡ.”

ಅದನ್ನು ನಾನು ಮರಾಠಿಯಲ್ಲಿ ಹೇಳಿದೊಡನೆ ಬಾಯಿ ಪೆನ್ನು ತೆಗೆದರು. ನಾನು ಅವರ ಕೈ ಹಿಡಿದೆ. ನಮ್ಮಲ್ಲಿ ಬಾಗಿಲಿಗೆ ಬಂದವರ ಮುಂದೆ ನಮಗೆ ಇಂಥದ್ದು ಇಲ್ಲ ಎನ್ನುವುದು ಮರ್ಯಾದೆಯಲ್ಲ. ಊಟಕ್ಕೆ ಕರೆದರೂ ಮೊದಲು ಒಲ್ಲೆ ಎನ್ನಬೇಕು, ಸಹಾಯ ಬೇಕೇ ಎಂದರೂ ಬೇಡ ಎನ್ನಬೇಕು. ಕೇಳಿದವರು ಕೂಡಬೇಕು, ಕೊಟ್ಟ ಚಹಾ ಕುಡಿಯಬೇಕು, ಇನ್ನೊಮ್ಮೆ ಕೇಳಬೇಕು, ಮತ್ತೊಮ್ಮೆ ಕೇಳಬೇಕು. ನಿಜ ಬರುವುದು ಮೂರನೆಯ ಸಲಕ್ಕೆ. “ಬಾಯಿ, ಮೊದಲನೇ ಮಾತ ಮಾತಲ್ರಿ” ಎಂದು ಅವರಿಗೆ ಹೇಳಿಕೊಟ್ಟವಳು ನಾನು. ಅವರು ಅದನ್ನು ತಮ್ಮ ವಹಿಯಲ್ಲಿ ಬರೆದುಕೊಂಡು, ಇದು ನಮಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ ಚಂಪಾ, ಎಂದರು. ನಾನು ಉಬ್ಬಿದೆ.

ಕುಳಿತೆವು, ಚಹಾ ಬಂತು. ಮೂರನೆಯ ಸಲಕ್ಕೆ ಮುದುಕಿಯ ಬಾಯಿಂದ ಸೊಸೆಯ ಹೆರಿಗೆ ಬಂತು — ನರ್ಸಬಾಯಿ ಇಲ್ಲದೆ ಎರಡು ಕೂಸು ಹೋದದ್ದು. ಸೊಸೆ ಒಳಗಿನಿಂದ ಮೂಗು ಏರಿಸುವುದು ಕೇಳಿಸಿತು. ಬಾಯಿ ಸಾವಕಾಶವಾಗಿ ಬರೆದುಕೊಂಡರು. ಆಮೇಲೆ ಪರದೇಶದ ಸಹಾಯದ ಮಾತು ಕೇಳಿದೆ.

“ಆ ಹಾಲಿನ ಪುಡಿನ? ಅದು ಹಾಲಲ್ಲ ತಗಿ, ಗ್ವಾಡಿಗೆ ಬಳಿಯೋ ಸುಣ್ಣ” ಎಂದಳು ಮುದುಕಿ. ಆಮೇಲೆ ದನಿ ಇಳಿಸಿ, “ಅಲ್ಲ ಚಂಪಾ, ಅವರ ಡಬ್ಬಿ ತುಂಬಿ ಕಳಿಸ್ಯಾರ. ನಾವ ಬರೇ ಡಬ್ಬಿ ತಿರುಗಿ ಹೆಂಗ ಕೊಡೂದು? ಒಂದ ಚೂರ ಬೆಲ್ಲರ ಹಾಕಿ ಕಳಸಬೇಕಿಲ್ಲ?” ಎಂದು ಕೇಳಿದಳು.

ಬಾಯಿಗೆ ಅದನ್ನು ಮರಾಠಿಯಲ್ಲಿ ಹೇಳಿದಾಗ ನಕ್ಕರು. ಆ ಉತ್ತರ ಹಾಕಲು ಕಾಗದದಲ್ಲಿ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದರು.

ಎಂಥ ದಿನಗಳು! ಯಾರೂ ನಮ್ಮನ್ನು ಏನೂ ಕೇಳಿರಲಿಲ್ಲ, ಸಾರಿಗೆ ಉಪ್ಪು ಎಷ್ಟು ಎಂದೂ ಕೇಳಿರಲಿಲ್ಲ. ಈಗ ದೇಶಕ್ಕೆ ಏನು ಬೇಕು ಎಂದು ಕೇಳುತ್ತಿದ್ದರು. ಹೆಂಗಸರು ಸೆರಗು ಸರಿಮಾಡಿಕೊಂಡು ಉತ್ತರ ಕೊಡುತ್ತಿದ್ದರು. ಕಂಡಿಕೆಯ ಬುಟ್ಟಿ ಪಕ್ಕಕ್ಕಿಟ್ಟು, ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು — ನಾನು ಕಾಗದ ಇಟ್ಟು ಬರೆಯುವ ಹಲಗೆ ಹಿಡಿದು ಓಣಿಯಲ್ಲಿ ನಡೆದರೆ ಗಂಡಸರೂ ದಾರಿ ಬಿಡುತ್ತಿದ್ದರು.

ಇಚಲಕರಂಜಿ ಮುಗಿದ ಮೇಲೆ ಗಡಹಿಂಗ್ಲಜದ ಕಡೆ ಹೊರಟೆವು. ಕಬ್ಬಿನ ಗಾಣ ನಡೆದ ಕಾಲ. ಬಸ್ಸಿನೊಳಗೆಲ್ಲ ಬೆಲ್ಲದ ವಾಸನೆ. ಪಟ್ಟಿಯಲ್ಲಿ ನನ್ನ ತವರೂರೂ ಇತ್ತು, ನೇಸರಿಯಿಂದ ಒಂದು ಹರದಾರಿ ಒಳಗೆ. ಹೋಗುವ ಹಿಂದಿನ ದಿನ ಬಾಯಿಗೆ ಜ್ವರ ಬಂತು. ಗಡಹಿಂಗ್ಲಜದಲ್ಲೇ ಮಲಗಿದರು. “ನಿನಗೆ ಎಲ್ಲ ಗೊತ್ತಿದೆ, ನಿನ್ನ ಊರೇ ಅಲ್ಲವೇ, ಒಬ್ಬಳೇ ಹೋಗಿ ಬಾ” ಎಂದು ಕಾಗದ ನನ್ನ ಕೈಗೆ ಕೊಟ್ಟರು.

ಮೇಲಿನ ಓಣಿಯಲ್ಲಿ ಒಂದೊಂದು ಮನೆಯಲ್ಲೂ ಕುಳಿತೆ. ಅಣ್ಣನ ಮನೆ, ಪಾಟೀಲರ ಮನೆ, ಬಸದಿಯ ಬಾಜೂಕಿನ ಜೈನರ ಮನೆ. ಎಲ್ಲ ಕಡೆ ಕೊಟ್ಟ ಚಹಾ ಕುಡಿದೆ. ಮೂರು ಮೂರು ಸಲ ಕೇಳಿದೆ. ಬಾವಿ ಇದ್ದವರೂ ಇನ್ನೊಂದು ನೀರಿನ ಆಸರೆ ಬೇಕು ಎಂದರು. ಬರೆದೆ.

ಉಳಿದದ್ದು ಹಳ್ಳದ ಆಚೆಯ ನಿಮ್ಮ ಓಣಿ. ನೀವು ಆಗಷ್ಟೇ ಬೌದ್ಧರಾಗಿದ್ದಿರಿ. ಬಾಗಿಲ ಮೇಲೆ ಬುದ್ಧನ ಚಿತ್ರ, ಗೋಡೆಗೆ ಹೊಸ ನೀಲಿ ಬಣ್ಣ. ನೀನು, ಬಾಳವ್ವ, ಸಾಲಿಯಲ್ಲಿ ನನ್ನ ಜೊತೆಯವಳು. ನಾನು ಒಳಗೆ, ನೀನು ಕಿಟಕಿಯ ಹೊರಗೆ. ಬಾಯಿಪಾಠ ನನಗಿಂತ ನಿನಗೇ ಚೆನ್ನಾಗಿ ಬರುತ್ತಿತ್ತು, ಮಾಸ್ತರು ಕೇಳಿದಾಗ ಹೊರಗಿನಿಂದ ನೀನು ಉತ್ತರ ಉಸುರುತ್ತಿದ್ದೆ, ಶಹಬಾಸ್ ನನಗೆ ಸಿಗುತ್ತಿತ್ತು. ಮತ್ತೆ ನಿಮ್ಮ ನೀರು — ಮೇಲಿನ ಓಣಿಯ ಬಾವಿಯ ಹತ್ತಿರ ಕೊಡ ಕೆಳಗಿಟ್ಟು, ದೂರ ನಿಂತು, ಯಾರಾದರೂ ಸೇದಿ ಎತ್ತರದಿಂದ ಹೊಯ್ಯಲಿ ಎಂದು ಕಾಯುವುದು. ಚಿಕ್ಕಂದಿನಿಂದ ನೋಡಿದ್ದೆ. ಅಂದು ಬೆಳಿಗ್ಗೆಯೂ ನೋಡಿಯೇ ಬಂದಿದ್ದೆ. ಅದಕ್ಕೇ ಹೇಳುತ್ತೇನೆ, ನನಗೆ ಗೊತ್ತಿತ್ತು.

ನೀನು ಹಗ್ಗದ ಮಂಚ ಹೊರಗೆ ತಂದು ಹಾಕಿದೆ. ಅದರ ಮೇಲೆ ತೊಳೆದ ಕಂಬಳಿ. ಒಲೆಯ ಮೇಲೆ ಚಹಾ ಇಟ್ಟಿದ್ದೆ, ಹೊಸ ಚಹಾದ ಕಪ್ಪು, ಬಶಿ ಹೊಸ್ತಿಲ ಮೇಲೆ ಕಾಣುವಂತೆ ಇಟ್ಟಿದ್ದೆ. ಸೋಸುವುದಷ್ಟೇ ಉಳಿದಿತ್ತು. ನಿನ್ನ ಹಿಂದೆ ಎಂಟು ಹೆಂಗಸರು, ಎಲ್ಲರೂ ತಲೆ ಬಾಚಿ ನಿಂತಿದ್ದರು. ನಿನ್ನ ಮಗಳು ಕಮಲ ಪಾಟಿ ಹಿಡಿದು ನಿನ್ನ ಸೀರೆ ಹಿಡಿದಿದ್ದಳು, ಆ ವರ್ಷವೇ ನೀನು ಅವಳನ್ನು ಸಾಲಿಗೆ ಹಾಕಿದ್ದೆ. ಒಳಗೆ ಕೂಡಿಸುತ್ತಾರೆ ಈಗ ಎಂದು ನೀನೇ ಹೇಳಿದೆ.

“ಬಾ ಚಂಪಕ್ಕ, ಕುಂಡ್ರು. ಚಾ ಆಗೇತಿ.”

ನಾನು ಹಿಂದೆ ತಿರುಗಿ ನೋಡಿದೆ. ಹಳ್ಳದ ಆಚೆ ಕಟ್ಟೆಯ ಮೇಲೆ ಅಣ್ಣ ಕುಳಿತಿದ್ದ, ಜೊತೆಗೆ ಇನ್ನೂ ನಾಲ್ವರು. ಇತ್ತ ಕಡೆಗೇ ನೋಡುತ್ತಿದ್ದರು. ನಿನ್ನ ಕಪ್ಪಿಗೆ ಬಾಯಿ ಹಚ್ಚಿದರೆ ಅತ್ತಿಗೆ ನನ್ನನ್ನು ಮತ್ತೆ ಅಡಿಗೆಮನೆಗೆ ಬಿಡುತ್ತಿರಲಿಲ್ಲ. ಇದು ನೆಪ ಅಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಅವರು ನನ್ನ ಕೈ ಹಿಡಿದಿರಲಿಲ್ಲ. ನಾನೇ ನಿಂತೆ.

“ಬಸ್ಸ ಬರ್ತೈತಿ ಬಾಳವ್ವ, ಲಗೂನ ಹೇಳು. ನಿಮಗ ಮೊದಲ ಏನ ಬೇಕು?”

ಬಸ್ಸು ಸಂಜೆಯವರೆಗೆ ಇರಲಿಲ್ಲ. ಆ ಊರಿನ ಕೂಸಿಗೂ ಅದು ಗೊತ್ತು.

ನೀನು ಖಾಲಿ ಮಂಚದ ಕಡೆ ನೋಡಿದೆ. ಆಮೇಲೆ ನನ್ನ ಚಪ್ಪಲಿಯ ಕಡೆ. “ಏನೂ ಬ್ಯಾಡವಾ. ನಮ್ಮಲ್ಲಿ ಎಲ್ಲಾ ಐತಿ.”

ನಾನು ಬರೆದೆ. ಹಿಂದಿದ್ದವರು ಒಬ್ಬೊಬ್ಬರಾಗಿ, “ಬಾಳವ್ವ ಹೇಳಿದ್ದ ನಂದೂ,” ಎಂದರು. ಬರೆದೆ. ಪರದೇಶದ ಪ್ರಶ್ನೆ ಕೇಳಲೇ ಇಲ್ಲ, ಅದಕ್ಕೂ ‘ಬೇಡ’ ಎಂದು ಗುರುತು ಹಾಕಿದೆ. ಒಂಬತ್ತು ಕಾಗದ ಮುಗಿಯುವುದಕ್ಕೂ ನಿನ್ನ ಚಹಾ ಉಕ್ಕಿ ಒಲೆಗೆ ಬೀಳುವುದಕ್ಕೂ ಸರಿಹೋಯಿತು. ಆ ಕಮರು ವಾಸನೆ ಹಳ್ಳ ದಾಟುವವರೆಗೆ ಬಂತು. ಕಟ್ಟೆಯ ಮೇಲಿದ್ದ ಅಣ್ಣ ಕೇಳಿದ, ಅವರಿಗೆ ಏನೂ ಬೇಡವಂತೆ ಎಂದೆ.

ಗಡಹಿಂಗ್ಲಜದಲ್ಲಿ ಬಾಯಿ ಜ್ವರದಲ್ಲೇ ಕಾಗದ ನೋಡಿದರು. “ಒಂಬತ್ತೂ ಒಂದೇ?” ಎಂದರು. “ಹೌದ್ರಿ,” ಎಂದೆ. “ಮೂರು ಸಲ ಕೇಳಿದೆಯಾ?” “ಹೌದ್ರಿ.” ಅವರು ನನ್ನನ್ನು ನಂಬಿದರು. ನಾನೇ ಕಲಿಸಿದ್ದನ್ನು ನಾನೇ ಮುರಿಯುತ್ತೇನೆ ಎಂದು ಅವರಿಗೆ ಹೇಗೆ ಹೊಳೆಯಬೇಕು?

ಕೆಲವು ವರ್ಷಗಳ ಮೇಲೆ ಊರಿಗೆ ಬೋರಿಂಗ್ ಬಂತು. ಬಂಡೆ ಕೊರೆಯುವ ಯಂತ್ರ ಪರದೇಶದ್ದಂತೆ, ಸಾಲಿ ಬಿಟ್ಟು ಮಕ್ಕಳೆಲ್ಲ ನೋಡಲು ನಿಂತಿದ್ದರಂತೆ. ಒಂದೇ ಬೋರಿಂಗ್, ಎಲ್ಲಿ ಹಾಕಬೇಕು ಎಂದು ಚಾವಡಿಯಲ್ಲಿ ಮಾತು ಬಂತಂತೆ. ಅಣ್ಣ ನನ್ನೆದುರೇ ನಗುತ್ತ ಹೇಳಿದ: “ಹಳ್ಳದ ಆಚೆಯವರು ಕೇಳಾಕ ಬಂದಿದ್ದರು. ಅವತ್ತ ಚಂಪಾನ ಕಡಿಂದ ಏನೂ ಬ್ಯಾಡಂತ ಬರಿಸೀರಿ, ಈಗೆಲ್ಲಿಂದ ಬಂತು ನೀರಡಿಕಿ, ಅಂದ್ನಿ. ಸುಮ್ಮನ ಹ್ವಾದ್ರು.” ಬೋರಿಂಗ್ ಮೇಲಿನ ಓಣಿಗೆ ಬಿತ್ತು. ನಾನು ಅಣ್ಣನ ಮನೆಯಲ್ಲಿ ಕುಳಿತು ಅದರ ನೀರು ಕುಡಿದೆ. ಸಿಹಿಯಾಗಿತ್ತು.

ಆ ಸಲ ಮರಳುವಾಗ ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ತಲೆಯ ಮೇಲೆ ಮಾರಲು ತಂದ ಹುಲ್ಲಿನ ಹೊರೆ. ಜೊತೆಗೆ ಕಮಲ, ಅವಳ ತಲೆಯ ಮೇಲೂ ಒಂದು ಸಣ್ಣ ಹೊರೆ. ಸಾಲಿ ಹೇಗೆ ನಡೆದಿದೆ ಎಂದು ಕೇಳಿದೆ — ಕೇಳಲು ನಾಚಿಕೆ ಇರಬೇಕಾಗಿತ್ತು.

“ಮೂರನೇದಕ್ಕ ಬಿಡಿಸೇನಿ. ನನ್ನ ಸೊಂಟ ಹೋಗೇತಿ ಚಂಪಕ್ಕ. ಮುಂಜಾನಿ ಬಾವಿ ಕಡೆ ನಿಂತ್ರ ಮಧ್ಯಾಹ್ನ ಆಗ್ತೈತಿ. ನೀರ ಯಾರ ತರಬೇಕು?”

ಹೊರೆ ಇಳಿಸದೆಯೇ ನನ್ನ ಮುಖ ನೋಡಿದೆ. “ಒಂದ ಮಾತ ಕೇಳ್ಲಿ? ಅವತ್ತ ನೀ ಇನ್ನೊಮ್ಮೆ ಯಾಕ ಕೇಳಲಿಲ್ಲ?”

ಆಗಲಾದರೂ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು: “ಕಾಗದದಾಗ ಒಮ್ಮೇನ ಕೇಳಬೇಕಂತಿತ್ತ ಬಾಳವ್ವ. ಬಾಯಿ ಹಂಗ ಹೇಳಿದ್ದರು.”

“ಹೌದ? ಹಂಗಾರ ಕಾಗದದ್ದ ತಪ್ಪ.” ನೀನು ಸ್ವಲ್ಪ ನಕ್ಕೆ. “ಮ್ಯಾಲಿನ ಓಣ್ಯಾಗ ಕೇಳಿದಂಗ ಪರದೇಶದವರದ್ದ ನನಗೂ ಕೇಳಿದ್ದರ ನಾ ಏನ ಅಂತಿದ್ನಿ ಗೊತ್ತೇನ? ಅವರೂ ಮ್ಯಾಲಿಂದ ಹೊಯ್ಯಾವರಾದ್ರ ಬ್ಯಾಡ. ಹಗ್ಗ ನಮ್ಮ ಕೈಯಾಗ ಕೊಡಾವರಾದ್ರ ಬೇಕು. ಅಷ್ಟ ಬರೀ ಅಂತಿದ್ನಿ.”

ಬಸ್ಸು ಬಂತು, ನಾನು ಹತ್ತಿದೆ. ಪ್ರಮೀಳಾಬಾಯಿ ಆ ಮಾತು ಕೇಳಿದ್ದರೆ ಅಂಚಿನಲ್ಲಲ್ಲ, ಕಾಗದದ ನಡುವೆ ಬರೆದುಕೊಳ್ಳುತ್ತಿದ್ದರು. ನಾನು ಅವರ ಹೆಸರನ್ನೂ ಕೆಡಿಸಿದೆ, ನಿನ್ನ ಮಾತನ್ನೂ ಕೊಂದೆ, ಮತ್ತೆ ಆ ಹುಡುಗಿಯ ಪಾಟಿ — ಅದನ್ನು ಬರೆಯಲು ಕೈ ಬರುವುದಿಲ್ಲ.

ಕಮಲ ಈಗ ಇಚಲಕರಂಜಿಯಲ್ಲೇ ಇದ್ದಾಳೆ. ಅವಳಿಗೂ ಮೊಮ್ಮಕ್ಕಳು. ಸಂತೆಯಲ್ಲಿ ಕಂಡರೆ, ಅರಾಮ ಅದೀರಿ ಅಕ್ಕಾರ, ಎನ್ನುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. ಈ ಬರೆದದ್ದನ್ನು ಹಿಡಿದುಕೊಂಡು ಬರುವ ಸೋಮವಾರ ಅವಳ ಮನೆಗೆ ಹೋಗುತ್ತೇನೆ. ಕೂಡು ಎಂದರೆ ಕೂಡುತ್ತೇನೆ, ಚಹಾ ಕೊಟ್ಟರೆ ಕುಡಿಯುತ್ತೇನೆ. ಕೊಡದಿದ್ದರೆ ನಿಂತೇ ಓದುತ್ತೇನೆ.

ತಪ್ಪಾಯಿತು ಎಂದರೆ ಆಕೆ, “ಅಯ್ಯ, ಅದೇನ ಬಿಡ್ರಿ ಅಕ್ಕಾರ, ಮುಗದ ಹೋದದ್ದು,” ಎನ್ನುತ್ತಾಳೆ. ನಿನ್ನ ಮಗಳಲ್ಲವೇ, ಹಾಗೆಯೇ ಎನ್ನುತ್ತಾಳೆ. ಆದರೆ ಮೊದಲನೆಯ ಮಾತು ಮಾತಲ್ಲ. ನಾನು ಅಷ್ಟಕ್ಕೆ ಏಳುವುದಿಲ್ಲ, ಬಾಳವ್ವ. ಇನ್ನೊಮ್ಮೆ ಕೇಳುತ್ತೇನೆ. ಮತ್ತೊಮ್ಮೆ ಕೇಳುತ್ತೇನೆ. ಮೂರನೆಯ ಸಲ ಆಕೆ ಏನು ಹೇಳುತ್ತಾಳೋ, ಅದನ್ನೇ ಈ ಕಾಗದದ ಕೆಳಗೆ ಬರೆದುಕೊಂಡು ಬರುತ್ತೇನೆ.