ಮಡಿಲಲ್ಲಿಟ್ಟ ಚೀಲ

ಕೋವಿಡ್ ಇಳಿದ ಮರುವರ್ಷ ನಾನು ಜಯನಗರದ ಒಂದು ಆಸ್ಪತ್ರೆಯ ಹೋಮ್ ಕೇರ್ ವಿಭಾಗದಲ್ಲಿ ನರ್ಸ್ ಆಗಿದ್ದೆ. ರೋಗಿಗಳ ಮನೆಗೇ ಹೋಗಿ ಕ್ಯಾತಿಟರ್, ಅಂದರೆ ಮೂತ್ರ ಹೊರತೆಗೆಯುವ ನಳಿಕೆ, ಬದಲಿಸುವುದು ನನ್ನ ಮುಖ್ಯ ಕೆಲಸ.

ಬನಶಂಕರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಶಿವಲಿಂಗಪ್ಪನವರಿಗೆ ಬೆನ್ನುಹುರಿಯ ತೊಂದರೆಯಿಂದ ಮೂತ್ರ ತಾನಾಗಿ ಬರುತ್ತಿರಲಿಲ್ಲ. ನಳಿಕೆ, ಅದಕ್ಕೆ ಜೋಡಿಸಿದ ಚೀಲದೊಂದಿಗೇ ಅಂಗಡಿಗೆ ಹೋಗುತ್ತಿದ್ದರು. ಅವರಿಗೆ ಮತ್ತೆ ಮತ್ತೆ ಚಳಿಜ್ವರ. ಪ್ರತಿ ಸಲ ಡಾಕ್ಟರ್ ಆಂಟಿಬಯೋಟಿಕ್ ಬರೆಯುತ್ತಿದ್ದರು, ನಾನು ಹೊಸ ನಳಿಕೆ ಹಾಕುತ್ತಿದ್ದೆ. ಒಮ್ಮೆ ಸೋಂಕು ರಕ್ತಕ್ಕೇರಿ ಐಸಿಯು ಸೇರಿದರು. "ಇನ್ನೊಂದ್ ಸಲ ಹೀಗಾದ್ರೆ ಉಳಿಸೋದು ಕಷ್ಟ" ಎಂದರು ಡಾಕ್ಟರ್.

ನಳಿಕೆ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಮೂತ್ರದಲ್ಲಿರುವ ಪ್ರೋಟೀನು ಅದರ ಮೈಗೆ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳು ಕೂದಲಿನಂಥ ಎಳೆಗಳಿಂದ ಅದನ್ನು ಹಿಡಿದು, ಸಂಖ್ಯೆ ಬೆಳೆಸಿ, ಮೇಲೆ ಲೋಳೆ ಹೊದ್ದುಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಔಷಧಿ ಅದರೊಳಗೆ ಸರಿಯಾಗಿ ಇಳಿಯದು. ಆದರೆ ಇವರ ಹೊಸ ನಳಿಕೆಗೆ ಇಷ್ಟು ಬೇಗ ಅವು ಬರುತ್ತಿದ್ದುದು ಎಲ್ಲಿಂದ?

ಅವರು ಚೇತರಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಟವೆಲ್ ಕೊಳ್ಳಲು ಅವರ ಅಂಗಡಿಗೆ ಹೋದೆ. ಗಲ್ಲಾದ ಹಿಂದೆ ಕೂತಿದ್ದರು. ಮೂತ್ರದ ಚೀಲ ಬಟ್ಟೆಯ ಕೈಚೀಲದೊಳಗೆ, ಮಡಿಲ ಮೇಲೆ. ನನ್ನನ್ನು ಕಂಡದ್ದೇ ಅದರ ಮೇಲೆ ಒಂದು ಪಂಚೆ ಎಳೆದುಕೊಂಡು ತಲೆ ತಗ್ಗಿಸಿದರು. ಕಿವಿ ಕೆಂಪಾಗಿತ್ತು. ಗಿರಾಕಿಗಳಿದ್ದರು. ನಾನು ಏನೂ ಕೇಳದೆ ಟವೆಲ್ ತೆಗೆದುಕೊಂಡು ಬಂದೆ.

ಸಂಜೆ ಅವರ ಮನೆಗೆ ಹೋದೆ. "ಚೀಲ ಯಾವಾಗ್ಲೂ ಸೊಂಟಕ್ಕಿಂತ ಕೆಳಗಿರ್ಬೇಕು ಅಂದಿದ್ನಲ್ಲ ಸಾರ್? ಮೇಲಿಟ್ರೆ ಅದರಲ್ಲಿರೋದು ವಾಪಸ್ ಒಳಗೆ ಹರಿಯತ್ತೆ. ಜೊತೆಗೆ ಬ್ಯಾಕ್ಟೀರಿಯಾನೂ."

"ಗೊತ್ತು ಮೇಡಂ" ಎಂದರು ಗೋಡೆ ನೋಡುತ್ತ. "ಆದ್ರೆ ಹೆಣ್ಮಕ್ಳು ಸೀರೆ ನೋಡಕ್ಕೆ ಬರ್ತಾರೆ. ಅವರ ಮುಂದೆ ಉಚ್ಚೆ ಚೀಲ ನೇತಾಕ್ಕೊಂಡು ಹೆಂಗ್ ಕೂತ್ಕೊಳ್ಲಿ? ಅದು ತುಂಬಬಾರ್ದು ಅಂತ ನೀರೂ ಕುಡೀತಿರ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಗಿರಿಜಮ್ಮ ಅಳತೊಡಗಿದರು. "ನಂಗೂ ಹೇಳ್ಲಿಲ್ವಲ್ರೀ!"

ಮರುದಿನ ಕಾಲಿಗೆ ಕಟ್ಟುವ ಸಣ್ಣ ಚೀಲ ತಂದು, ಮೊಣಕಾಲಿನ ಕೆಳಗೆ ಕಟ್ಟಿ ತೋರಿಸಿದೆ. ಪ್ಯಾಂಟಿನೊಳಗೆ ಅದು ಕಾಣುತ್ತಿರಲಿಲ್ಲ. ಶಿವಲಿಂಗಪ್ಪನವರು ಅದನ್ನು ಮುಟ್ಟಿ ನೋಡಿ, "ಇಂಥದ್ದೂ ಇದ್ಯಾ?" ಎಂದರು. ಇಷ್ಟು ದಿನ ಅದರ ಬಗ್ಗೆ ಹೇಳದಿದ್ದ ನನಗೆ ತಲೆಯೆತ್ತಲಾಗಲಿಲ್ಲ.

ಆಮೇಲೆ ಅವರಿಗೆ ಜ್ವರ ಬಂದದ್ದು ಅಪರೂಪ. ಆದರೂ ಅಂಗಡಿಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನಾನೂ ಬೇರೆ ಕಡೆ ಟವೆಲ್ ಕೊಳ್ಳತೊಡಗಿದೆ. ಅಂದಿನಿಂದ ಹೊಸ ರೋಗಿಯ ಮನೆಯಲ್ಲಿ ನಳಿಕೆಯ ಮಾತೆತ್ತುವ ಮೊದಲೇ ಒಂದು ಪ್ರಶ್ನೆ ಕೇಳುತ್ತೇನೆ: "ಯಾರಾದ್ರೂ ಬಂದ್ರೆ ಚೀಲ ಎಲ್ಲಿ ಬಚ್ಚಿಡ್ತೀರಾ?"