ಪಾದ್ರಿ ಹೊಲಿದ ನೂರ ಹನ್ನೊಂದು ಗುಂಡಿಗಳು

ಯುದ್ಧ ಹೂಡಬೇಕಾದರೆ ರಾಜರಿಗೆ ರಾಜ್ಯ, ಗಡಿ, ಸಿಂಹಾಸನ ಇತ್ಯಾದಿಗಳೆಲ್ಲ ಬೇಕಾಗುತ್ತವೆ. ನಮ್ಮ ಪಾದ್ರಿಗಳಿಗೆ ಒಂದು ಅಂಗಿಯ ಗುಂಡಿ ಸಾಕಾಯಿತು.

ಅವರು ಶಾಲೆಯ ಪಾದ್ರಿ. ಬೆಳಿಗ್ಗೆ ಐದು ನಿಮಿಷ ಪ್ರಾರ್ಥನೆ, ವಾರಕ್ಕೊಂದು ನೀತಿಪಾಠ, ಉಳಿದ ಹೊತ್ತೆಲ್ಲ ಮಕ್ಕಳ ಕಷ್ಟಸುಖ ಕೇಳುವುದು, ಕೇಳಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು. ಕೊನೆಯದೇ ನಿಜವಾದ ಕೆಲಸ. ಬರೀ ಕೇಳುವುದಾದರೆ ಗೋಡೆಯೂ ಕೇಳುತ್ತದೆ.

ಅವರ ಕೋಟೆ ಇದ್ದದ್ದು ಮೆಟ್ಟಿಲ ಕೆಳಗೆ. ಹಿಂದೆ ಹಳೆಯ ಭೂಪಟಗಳನ್ನು ಸುತ್ತಿಡುತ್ತಿದ್ದ ಕೋಣೆ, ಸೂರು ಇಳಿಜಾರು. ಹನ್ನೆರಡು ವರ್ಷ ಅದೇ ಜಾಗದಲ್ಲಿ ತಲೆ ಹೊಡೆಸಿಕೊಂಡೂ ಬಗ್ಗುವುದನ್ನು ಕಲಿಯದ ಮನುಷ್ಯ. ಒಳಗೆ ಎರಡು ಸ್ಟೂಲು, ಒಂದು ಬಿಸ್ಕತ್ತಿನ ಡಬ್ಬ. ಡಬ್ಬದಲ್ಲಿ ಬಿಸ್ಕತ್ತಿಲ್ಲ, ಸೂಜಿ, ದಾರ, ಕತ್ತರಿ.

ಅದು ಅಕ್ಕನಿಂದ ಬಂದ ವಿದ್ಯೆ. ತಾಯಿತಂದೆ ಇಲ್ಲದ ಅವರನ್ನು ಅಕ್ಕ ಹೊಲಿಗೆ ಯಂತ್ರ ತುಳಿದೇ ಸಾಕಿದಳು. ಅಳತೆ ಕೊಡಲು ಬಂದ ಹೆಂಗಸರು ಅಳತೆಯ ಜೊತೆಗೆ ಗಂಡ, ಅತ್ತೆ, ನಾದಿನಿ ಎಲ್ಲರನ್ನೂ ಅವಳ ಮುಂದೆ ಸುರಿದು ಹಗುರಾಗಿ ಹೋಗುತ್ತಿದ್ದರು. ಅಕ್ಕ ಬಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ತಲೆ ಎತ್ತಿದರೆ ಮಾತು ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಪಾದ್ರಿಗಳು ಮುಂದೆ ದೊಡ್ಡ ದೊಡ್ಡ ಗುರುಗಳ ಹತ್ತಿರ ಓದಿದರು. ಅವರಲ್ಲಿ ಯಾರೂ ಇದನ್ನು ಹೇಳಿಕೊಡಲಿಲ್ಲ. ಹಾಗಾಗಿ ಅವರು ಮಕ್ಕಳ ಹರಿದ ಚೀಲವನ್ನೋ ಬಿಚ್ಚಿದ ಅಂಚನ್ನೋ ತೊಡೆಯ ಮೇಲಿಟ್ಟುಕೊಂಡು, ಸೂಜಿಯ ಮೇಲೆ ಕಣ್ಣಿಟ್ಟು, "ಹ್ಞೂಂ, ಹೇಳು" ಎನ್ನುತ್ತಿದ್ದರು. ಮಕ್ಕಳು ಹೇಳುತ್ತಿದ್ದರು.

ಹೀಗಿರುವಾಗ ಹೊಸ ಪ್ರಿನ್ಸಿಪಾಲರು ಬಂದರು. ಅವರಿಗೆ ರಿಜಿಸ್ಟರೆಂದರೆ ಪ್ರಾಣ. ಜವಾನನಿಗೆ ಪುರುಸೊತ್ತಿದ್ದರೆ ಅಂಗಳದಲ್ಲಿ ಬಿದ್ದ ಎಲೆಗಳಿಗೂ ಒಂದು ರಿಜಿಸ್ಟರು ಇಡಿಸುತ್ತಿದ್ದರು. ಮೊದಲ ವಾರವೇ ಅಪ್ಪಣೆ ಹೊರಟಿತು: ಕಾರಣವಿಲ್ಲದೆ ಯಾವ ವಿದ್ಯಾರ್ಥಿಯೂ ಪಾದ್ರಿಗಳ ಕೋಣೆಗೆ ಹೋಗಕೂಡದು. ಹೆಸರು, ಹೊತ್ತು, ಕಾರಣ ಬರೆಯತಕ್ಕದ್ದು.

"ಹೆಸರು ಬರೆಯಲ್ಲ ಸಾರ್," ಎಂದರು ಪಾದ್ರಿಗಳು.

"ಕಾರಣನಾದ್ರೂ ಬರೀತೀರಾ?"

"ಇದ್ದದ್ದನ್ನ ಬರೀತೀನಿ."

ಮರುದಿನ ಆರನೇ ತರಗತಿಯ ಹುಡುಗನೊಬ್ಬ ಬಾಗಿಲಲ್ಲಿ ನಿಂತ. ಮುಖ ಸೊಟ್ಟಗಾಗಿತ್ತು. ಪಾದ್ರಿಗಳು ಪೆನ್ನು ಹಿಡಿದು ಸಂಕೋಚದಿಂದ ಕೇಳಿದರು: "ಕಾರಣ ಏನಂತ ಬರೀಲಿ ಮರಿ?"

ಹುಡುಗ ಸೂರು ನೋಡಿದ, ನೆಲ ನೋಡಿದ. ಆಮೇಲೆ ತೋಳಿನ ಗುಂಡಿಯನ್ನು ಹಲ್ಲಿಗಿಟ್ಟು ಕಚಕ್ಕನೆ ಕಿತ್ತು ರಿಜಿಸ್ಟರಿನ ಮೇಲಿಟ್ಟ. "ಗುಂಡಿ ಕಿತ್ತೋಗಿದೆ ಫಾದರ್."

ಕಣ್ಣಾರೆ ಕಂಡ ಸತ್ಯ. ಪಾದ್ರಿಗಳು ಬರೆದರು.

ಮಧ್ಯಾಹ್ನದ ಹೊತ್ತಿಗೆ ಈ ಉಪಾಯ ಇಡೀ ಶಾಲೆಗೆ ಗೊತ್ತಾಗಿತ್ತು. ಆರು ವಾರದಲ್ಲಿ ನೂರ ಹನ್ನೊಂದು ಗುಂಡಿಗಳು ವೀರಮರಣ ಅಪ್ಪಿದವು. ನೂರ ಹನ್ನೊಂದನ್ನೂ ಪಾದ್ರಿಗಳು ಹೊಲಿದರು, ಕೇಳಿದರು, ಹೊಟ್ಟೆಗೆ ಹಾಕಿಕೊಂಡರು.

ಪ್ರಿನ್ಸಿಪಾಲರು ರಿಜಿಸ್ಟರು ತರಿಸಿ ಓದಿದರು. ಗುಂಡಿ, ಗುಂಡಿ, ಗುಂಡಿ. ಅವರ ಮೆದುಳಿನಲ್ಲಿ ದೀಪ ಹತ್ತಿತು. ತಪ್ಪು ದೀಪ. ಸಮವಸ್ತ್ರ ಹೊಲಿಯುವ ಟೈಲರನಿಗೆ ಕರೆ ಹೋಯಿತು.

ಟೈಲರ್ ಬಂದ. ಕೊರಳಲ್ಲಿ ಟೇಪು, ಮೈಮೇಲೆ ತಾನೇ ಹೊಲಿದ ಕೋಟು, ಮೂಗಿನ ತುದಿಯಲ್ಲಿ ಮೂವತ್ತು ವರ್ಷದ ಕೋಪ.

"ನನ್ ಗುಂಡಿ ಕಿತ್ತೋಯ್ತಾ? ಸಾರ್, ನಾನು ಹಾಕಿದ ಗುಂಡಿಗೆ ಆನೆ ನೇತುಹಾಕಿ. ಆನೆ ಬೀಳುತ್ತೆ, ಗುಂಡಿ ಬೀಳಲ್ಲ!"

"ಬನ್ನಿ, ತೋರಿಸ್ತೀನಿ. ಸಾಬೀತಾದ್ರೆ ಮುಂದಿನ ವರ್ಷದಿಂದ ಬಟ್ಟೆ ಬೇರೆಯವರ ಹತ್ರ."

ಇಬ್ಬರೂ ಮೆಟ್ಟಿಲ ಕೆಳಗಿನ ಕೋಣೆಗೆ ನುಗ್ಗಿದರು. ಸ್ಟೂಲಿನ ಮೇಲೆ ನಾಲ್ಕನೇ ತರಗತಿಯ ಪುಟ್ಟ ಹುಡುಗಿ. ಅಂಗೈಯಲ್ಲಿ ಆಗತಾನೇ ಕಿತ್ತ ಗುಂಡಿ. ಟೈಲರ್ ಅದನ್ನು ತೆಗೆದುಕೊಂಡು ದಾರದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದ. ತುದಿ ಒದ್ದೆಯಾಗಿತ್ತು. ಗುಂಡಿಯ ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು. ಅವನು ಗೆದ್ದಾಗಿತ್ತು, ಬಾಯಿ ಬಿಡುವುದೊಂದೇ ಬಾಕಿ. ಬಾಯಿ ಬಿಡುವ ಮುಂಚೆ ಹುಡುಗಿಯ ಮುಖ ನೋಡಿದ. ಅತ್ತೂ ಅತ್ತೂ ಊದಿಕೊಂಡ ಕಣ್ಣು.

ಟೈಲರ್ ಗುಂಡಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. "ದಾರ ನಂದೇ ಸಾರ್," ಎಂದ. "ಲಡ್ಡು ಹಿಡಿದ ದಾರ, ಮುಟ್ಟಿದ್ರೆ ಕಡಿಯುತ್ತೆ. ತಪ್ಪಾಯ್ತು."

ಆನೆಯನ್ನು ನೇತುಹಾಕಿದ ಬಾಯಿಂದ ಆ ಮಾತು ಹೊರಬರಲು ಏನೇನು ಮುರಿಯಬೇಕಾಯಿತೆಂದು ಪಾದ್ರಿಗಳಿಗೆ ತಿಳಿಯಿತು.

"ನಿನ್ನ ಹೆಸರೇನು?" ಪ್ರಿನ್ಸಿಪಾಲರು ಹುಡುಗಿಯನ್ನು ಕೇಳಿದರು.

"ಕ್ಲಾಸಿಗೆ ಹೋಗು ಪುಟ್ಟಾ," ಎಂದರು ಪಾದ್ರಿಗಳು. ಹುಡುಗಿ ಇಬ್ಬರ ನಡುವೆ ನುಸುಳಿ ಓಡಿದಳು. ಪಾದ್ರಿಗಳು ಎದ್ದು ನಿಂತರು. ಸೂರು ತಪ್ಪದೆ ತಲೆಗೆ ಬಡಿಯಿತು. ತಲೆ ಉಜ್ಜಿಕೊಂಡು, "ಇವರು ಸುಳ್ಳು ಹೇಳ್ತಿದ್ದಾರೆ ಸಾರ್," ಎಂದರು. "ದಾರ ಕಬ್ಬಿಣದ ಹಾಗಿದೆ. ಮಕ್ಕಳೇ ಕಚ್ಚಿ ಕಿತ್ತಿದ್ದು. ನೀವು ಕಾರಣ ಕೇಳಿದ್ರಿ. ಹೇಳೋಕಾಗದ ಕಾರಣ ಇದ್ದವರು ಹೇಳೋಕಾಗೋದೊಂದನ್ನ ಮಾಡ್ಕೊಂಡು ಬಂದ್ರು. ನಾನು ನೋಡಿಯೂ ಸುಮ್ಮನಿದ್ದೆ."

"ಹಾಗಾದ್ರೆ ಪಟ್ಟಿ ಕೊಡಿ. ಯಾರ್ಯಾರು, ಏನೇನು ಹೇಳಿದ್ರು, ಎಲ್ಲ."

"ಕೊಡಲ್ಲ."

"ನಾಳೆಯಿಂದ ಈ ಕೋಣೆ ಇರಲ್ಲ!"

"ಕೋಣೆ ನಿಮ್ಮದು, ತಗೊಳ್ಳಿ. ಕಿವಿ ನಂದು."

"ಕೆಲಸಾನೂ ಹೋಗಬಹುದು ಫಾದರ್."

"ಹೋಗ್ಲಿ. ಅಕ್ಕನಿಗೆ ಈಗ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸೋ ಕೆಲಸ ಅಲ್ಲಿ ಖಾಲಿ ಇದೆ."

ಟೈಲರ್ ಗೋಡೆಯ ಕಡೆ ತಿರುಗಿ ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂಬುದು ಪ್ರಿನ್ಸಿಪಾಲರಿಗೂ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಆ ಬಡ ಬಾಗಿಲಿಗೆ ಖಜಾನೆಗೆ ಹಾಕುವಂಥ ಬೀಗ ಬಿದ್ದಿತ್ತು. ಪಾದ್ರಿಗಳು ಅದಕ್ಕೊಂದು ನಮಸ್ಕಾರ ಹಾಕಿದರು. ಜವಾನನಿಂದ ಸ್ಟೂಲೆರಡನ್ನು ಕೇಳಿ ಪಡೆದು, ಹಿಂದಿನ ಸಂಜೆಯೇ ಹೊರತಂದಿದ್ದ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಅಂಗಳ ದಾಟಿ, ಕುಡಿಯುವ ನೀರಿನ ನಲ್ಲಿಗಳ ಪಕ್ಕ ಹೊಸ ರಾಜಧಾನಿ ಸ್ಥಾಪಿಸಿದರು. ನೀರು ಕುಡಿಯಲು ಕಾರಣ ಬರೆಯುವ ರಿಜಿಸ್ಟರು ಇನ್ನೂ ಹುಟ್ಟಿರಲಿಲ್ಲ. ಅಂದು ಶಾಲೆಗೆ ಶಾಲೆಯೇ ಬಾಯಾರಿತು.

ಹತ್ತು ಗಂಟೆಗೆ ಟೈಲರ್ ಬಂದ. ಎದುರು ಸಿಕ್ಕಿದ ಹುಡುಗನ ತೋಳು ಹಿಡಿದು ಹೊಲಿಗೆ ನೋಡಿ ಹೌಹಾರಿದ.

"ಇದೇನ್ ಫಾದರ್, ಗುಂಡಿ ಹೊಲಿದಿದ್ದೀರೋ, ನೇಣು ಹಾಕಿದ್ದೀರೋ? ನೋಡಿದವರು ನಂದು ಅಂದ್ಕೊಂಡ್ರೆ ನನ್ನ ಗತಿ?"

"ನಿನ್ನೆ ಲಡ್ಡು ದಾರ ಅಂತ ನೀವೇ ಒಪ್ಕೊಂಡ್ರಲ್ಲಾ."

"ದಾರ ಒಪ್ಕೊಂಡೆ. ಈ ಹೊಲಿಗೆ ಒಪ್ಕೊಳ್ಳೋಷ್ಟು ಪುಣ್ಯವಂತ ಅಲ್ಲ ನಾನು."

ಅಷ್ಟರಲ್ಲಿ ನಿನ್ನೆಯ ಹುಡುಗಿ ಬಂದಳು. ಅಂಗಿಯ ಗುಂಡಿಗಳೆಲ್ಲ ನೆಟ್ಟಗಿದ್ದವು. ತೋಳಿಗೆ ಮನೆಯಲ್ಲಿ ಯಾರೋ ಬೇರೆ ಗುಂಡಿ ಹೊಲಿದು ಕಳಿಸಿದ್ದರು. ಬಹಳ ಹೊತ್ತು ನೀರು ಕುಡಿದು ಸ್ಟೂಲಿನ ತುದಿಯಲ್ಲಿ ಕೂತಳು. ಮಾತು ಹೊರಡಲಿಲ್ಲ. ಪಾದ್ರಿಗಳು ದಾರ ಪೋಣಿಸಿದ ಸೂಜಿ ಹಿಡಿದು ಕೂತರು. ಹೊಲಿಯಲು ಏನೂ ಇರಲಿಲ್ಲ. ತಗ್ಗಿಸಿದ ಕಣ್ಣಿಗೆ ನೆಡಲು ಜಾಗವಿರಲಿಲ್ಲ.

ಟೈಲರ್ ಇಬ್ಬರನ್ನೂ ನೋಡಿದ. ಕೋಟು ಬಿಚ್ಚಿದ. ಮೇಲಿನ ಗುಂಡಿಯನ್ನು ಹಿಡಿದು ಎಳೆದ, ಅದು ಬರಲಿಲ್ಲ. ಹೆಮ್ಮೆಯಿಂದ ಇನ್ನೊಮ್ಮೆ ಎಳೆದ. ಕೊನೆಗೆ ಹಲ್ಲು ಹಾಕಿ ಕಿತ್ತು, ಕೋಟನ್ನು ಪಾದ್ರಿಗಳ ತೊಡೆಯ ಮೇಲೆ ಹಾಕಿದ.

"ಸಂಜೆ ಬಂದು ತಗೊಂಡು ಹೋಗ್ತೀನಿ. ನಿಧಾನಕ್ಕೆ ಹೊಲೀರಿ," ಎಂದು ಹೊರಟ.

ಎದುರಿನ ಪ್ರಿನ್ಸಿಪಾಲರ ಕಿಟಕಿ ಧಡಾರನೆ ತೆರೆಯಿತು. "ಫಾದರ್! ಅಲ್ಲೇನು ನಡೀತಿದೆ?"

"ಗುಂಡಿ ಸಾರ್!" ಎಂದು ತಲೆ ಎತ್ತದೆ ಕೂಗಿದ ಪಾದ್ರಿಗಳು, ಹುಡುಗಿಗಷ್ಟೇ ಕೇಳುವಂತೆ ದನಿ ತಗ್ಗಿಸಿದರು. "ಹ್ಞೂಂ, ಹೇಳು."